ಘಟಕದ ಮುಖ್ಯಸ್ಥರ ಆಯ್ಕೆಗೆ ವಾಟ್ಸನ್-ಗ್ಲೇಸರ್ ಪರೀಕ್ಷೆ: ಕೊಟ್ಟ ದುಡ್ಡಿಗೆ ತಕ್ಕ ಫಲವಿದೆಯೇ?

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಎರಕದ ಕಾರ್ಖಾನೆಯಿದೆ. ಪಂಪು, ವಾಲ್ವುಗಳ ಬಿಡಿಭಾಗಗಳನ್ನು ಎರೆಯುತ್ತೇವೆ. ಘಟಕದ ಮುಖ್ಯಸ್ಥರ ಹುದ್ದೆಯ ಕೊನೆಯ ಸುತ್ತಿಗೆ ಬಂದ ಮೂವರೂ ಮಾತಿನಲ್ಲಿ ಗಟ್ಟಿಗರೇ. ಅವರು ಯೋಚಿಸುವ ಕ್ರಮ ಸಂದರ್ಶನದಲ್ಲಿ ತಿಳಿಯುವಂಥದ್ದಲ್ಲ. ಅದಕ್ಕಾಗಿ ಒಂದು ನೇಮಕಾತಿ ಸಂಸ್ಥೆಯ ಮೂಲಕ ವಾಟ್ಸನ್-ಗ್ಲೇಸರ್ ಪರೀಕ್ಷೆಯನ್ನೂ ಇನ್-ಬಾಸ್ಕೆಟ್ ಎಂಬ, ಹುದ್ದೆಯ ಮೇಜಿಗೆ ಬರುವಂಥ ಕಾಗದಗಳ ಕಟ್ಟನ್ನು ಕೊಟ್ಟು ತೀರ್ಮಾನ ಬರೆಸುವ ಕಡತ ವಿಲೇವಾರಿ ಪರೀಕ್ಷೆಯನ್ನೂ ಮಾಡಿಸಿದೆ.

ಗುಡ್ವಿನ್ ವಾಟ್ಸನ್ ಮತ್ತು ಎಡ್ವರ್ಡ್ ಗ್ಲೇಸರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ರೂಪಿಸಿದ ವಾಟ್ಸನ್-ಗ್ಲೇಸರ್, ಮಾಹಿತಿಯನ್ನು ತೂಗಿ ತರ್ಕಿಸುವ ಶಕ್ತಿಯನ್ನು ಅಳೆಯುವ ಪರೀಕ್ಷೆ. ಸುಮಾರು ಅರ್ಧ ಗಂಟೆಯಲ್ಲಿ 40 ಪ್ರಶ್ನೆ, ಐದು ಭಾಗ. ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸಿದ್ದು ಕೊಟ್ಟ ಮಾಹಿತಿಯಿಂದ ತೀರ್ಮಾನ ಕಟ್ಟುವ ಭಾಗ. ಒಂದು ಸಣ್ಣ ವಿವರಣೆ ಕೊಟ್ಟು, ಅದರಿಂದ ಹೊರಡುವ ತೀರ್ಮಾನ ನಿಜವೇ, ಬಹುಶಃ ನಿಜವೇ, ಮಾಹಿತಿ ಸಾಲದೇ, ಬಹುಶಃ ಸುಳ್ಳೇ, ಸುಳ್ಳೇ ಎಂದು ಕೇಳುತ್ತಾರೆ. ಆ ಮಾದರಿಯಲ್ಲಿ ನಾನೇ ಒಂದನ್ನು ಹೇಳುತ್ತೇನೆ: ‘ಜೂನ್‌ನಲ್ಲಿ ತಿರಸ್ಕೃತ ಎರಕಗಳ ಸಂಖ್ಯೆ ಹೆಚ್ಚಿತು. ಅದೇ ತಿಂಗಳು ಹೊಸ ಪಾಳಿ ಆರಂಭವಾಯಿತು.’ ಎರಕದ ಅಚ್ಚಿಗೆ ಬಳಸುವ ಮರಳಿನ ತೇವವೇ ಕಾರಣ ಎಂಬ ತೀರ್ಮಾನಕ್ಕೆ ಇಲ್ಲಿ ಆಧಾರವಿಲ್ಲ, ಮಾಹಿತಿ ಸಾಲದು. ನಮ್ಮ ಅಭ್ಯರ್ಥಿಗಳಲ್ಲಿ ಎಲ್ಲರಿಗಿಂತ ಹಿರಿಯರಾದವರು ಇಂಥ ಕಡೆಯಲ್ಲೆಲ್ಲ ಅಂಕ ಕಳೆದುಕೊಂಡಿದ್ದರು. ಆಮೇಲೆ ನನ್ನ ಈ ಉದಾಹರಣೆಯನ್ನು ಅವರ ಮುಂದಿಟ್ಟಾಗ, “ಮೇಡಂ, ಮಳೆ ಹಿಡಿದರೆ ಮರಳು ತೇವವಾಗುತ್ತದೆ, ಎರಕದಲ್ಲಿ ಗಾಳಿಗುಳ್ಳೆ ಬರುತ್ತದೆ. ಇದನ್ನು ಯಾರಾದರೂ ಬರೆದು ಹೇಳಬೇಕೇ?” ಎಂದರು.

ಅನುಭವಿಗಳಿಗೆ ಇದು ಅನ್ಯಾಯವಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಅದಕ್ಕೆ ಉತ್ತರ ಸಿಕ್ಕಿದ್ದು ಇನ್-ಬಾಸ್ಕೆಟ್‌ನಲ್ಲಿ. ಈ ಪದ್ಧತಿಯೂ ಹಳೆಯದೇ. ಎಟಿ ಆ್ಯಂಡ್ ಟಿ ಎಂಬ ಅಮೆರಿಕದ ದೂರವಾಣಿ ಕಂಪನಿಯಲ್ಲಿ 1956ರಲ್ಲಿ ಮನೋವಿಜ್ಞಾನಿ ಡಗ್ಲಸ್ ಬ್ರೇ ಆರಂಭಿಸಿದ, ವ್ಯವಸ್ಥಾಪಕರ ಬೆಳವಣಿಗೆಯ ದೀರ್ಘ ಅಧ್ಯಯನದಲ್ಲಿ ಇದೂ ಒಂದು ಭಾಗವಾಗಿತ್ತು. ಅಲ್ಲಿ ಪರೀಕ್ಷೆಯ ಫಲಿತಾಂಶವನ್ನು ಕಂಪನಿಯ ಮೇಲಧಿಕಾರಿಗಳಿಂದ ಮುಚ್ಚಿಟ್ಟು, ವರ್ಷಗಳ ನಂತರ ಯಾರಿಗೆ ಬಡ್ತಿ ಸಿಕ್ಕಿದೆಯೆಂದು ಹೋಲಿಸಿ ನೋಡಿದರು. ಅಷ್ಟು ಪ್ರಾಮಾಣಿಕವಾಗಿ ತನ್ನನ್ನೇ ಒರೆಗೆ ಹಚ್ಚಿಕೊಂಡ ವಿಧಾನದ ಮೇಲೆ ನನಗೆ ಗೌರವವಿದೆ.

ನೇಮಕಾತಿ ಸಂಸ್ಥೆ ತಂದದ್ದು ಯಾವುದೋ ಬ್ಯಾಂಕಿನ ಪತ್ರಗಳಿದ್ದ ಸಿದ್ಧ ಕಡತ. ಅದನ್ನು ಬಿಡಿಸಿ, ನಮ್ಮ ಕಚೇರಿಯ ಕಾಗದಗಳನ್ನೇ ಹೆಸರು ಬದಲಿಸಿ ಕೊಡಿಸಿದೆ: ಮಾಲು ವಾಪಸು ಮಾಡುತ್ತೇನೆಂಬ ಗ್ರಾಹಕರ ಪತ್ರ, ಮರಳು ಪೂರೈಸುವವರ ಬಾಕಿ ಬಿಲ್ಲು, ವಿದ್ಯುತ್ ನಿಲುಗಡೆಯ ಸೂಚನೆ, ಮೇಲ್ವಿಚಾರಕರ ರಜೆ ಅರ್ಜಿ, ಮರಳು ತಪಾಸಣೆಯ ದಾಖಲೆ. ರಜೆ, ನಿಲುಗಡೆ, ಗ್ರಾಹಕರ ಭೇಟಿ ಮೂರೂ ಒಂದೇ ಗುರುವಾರ ಬೀಳುತ್ತವೆ ಎಂಬುದು ಕಾಗದಗಳನ್ನು ಕೂಡಿಸಿ ಓದಿದರಷ್ಟೇ ತಿಳಿಯುತ್ತದೆ. ಒಬ್ಬರು ಅದನ್ನು ಹಿಡಿದರು. ಗ್ರಾಹಕರ ಭೇಟಿಯನ್ನು ಮುಂದೂಡುವ ಪತ್ರವನ್ನು ಮೊದಲು ಬರೆದು, ಉಳಿದದ್ದಕ್ಕೆ ಆಮೇಲೆ ಕೈಹಾಕಿದರು. ಹಿರಿಯರು ಮರಳಿನ ಪೂರೈಕೆದಾರರನ್ನೇ ಬದಲಿಸಲು ಆದೇಶ ಬರೆದಿದ್ದರು. ತೇವಾಂಶ ಸರಿಯಾಗಿಯೇ ಇದೆಯೆಂದು ತೋರಿಸುವ ದಾಖಲೆ ಅದೇ ಕಟ್ಟಿನಲ್ಲಿತ್ತು, ಅವರು ತೆರೆದಿರಲಿಲ್ಲ. ಲಿಖಿತ ಪರೀಕ್ಷೆ ತೋರಿಸಿದ್ದ ಅಭ್ಯಾಸವೇ ಇಲ್ಲಿಯೂ ಎದ್ದು ಕಂಡಿತು. ಅವರ ಕುಲುಮೆಯ ಜ್ಞಾನ ದೊಡ್ಡದು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮುಖ್ಯಸ್ಥರ ಕುರ್ಚಿಯಲ್ಲಿ ಇಂಥದೊಂದು ಸಹಿ ಹತ್ತು ವರ್ಷದ ವ್ಯವಹಾರವನ್ನು ಮುರಿಯಬಲ್ಲದು. ಕಾಗದಗಳನ್ನು ಕೂಡಿಸಿ ಓದಿದವರನ್ನೇ ಆರಿಸಿದೆ.

ಅಸಮಾಧಾನವೂ ಇದೆ. ವಾಟ್ಸನ್-ಗ್ಲೇಸರ್ ಅನ್ನು ನಾವು ಇಂಗ್ಲಿಷಿನಲ್ಲಿ ಮಾಡಿಸಿದೆವು. ಕನ್ನಡ, ಮರಾಠಿಯಲ್ಲಿ ಲೆಕ್ಕ ಹಾಕಿ ಇಂಗ್ಲಿಷ್ ವಾಕ್ಯವನ್ನು ಎರಡೆರಡು ಸಲ ಓದುವವರಿಗೆ ಗಡಿಯಾರವೇ ಶತ್ರು. ಹಾಗಾಗಿ ಪಾಳಿ ಮೇಲ್ವಿಚಾರಕರ ಆಯ್ಕೆಗೆ ಇದನ್ನು ಬಳಸಲಾರೆ. ಸಂಸ್ಥೆಯ ವರದಿಯಲ್ಲಂತೂ ಬಣ್ಣದ ಪಟ್ಟಿಗಳೇ ಹೆಚ್ಚು. ‘62ನೇ ಪರ್ಸೆಂಟೈಲ್’ ಎಂದರೆ ನೂರಕ್ಕೆ 62 ಅಂಕವಲ್ಲ, ಹೋಲಿಕೆಯ ಗುಂಪಿನಲ್ಲಿ ಅಷ್ಟು ಪಾಲು ಜನರಿಗಿಂತ ಮುಂದಿದ್ದಾರೆ ಎಂದರ್ಥ. ಆ ಗುಂಪು ಯಾರದು, ವಕೀಲರದೇ, ಪದವೀಧರರದೇ, ಕಾರ್ಖಾನೆ ವ್ಯವಸ್ಥಾಪಕರದೇ ಎಂದು ನಾನು ಕೇಳುವ ತನಕ ಯಾರೂ ಹೇಳಲಿಲ್ಲ.

ಮುಖ್ಯಸ್ಥರ ಹುದ್ದೆಗೆ ಇವೆರಡನ್ನೂ ಮತ್ತೆ ಮಾಡಿಸುತ್ತೇನೆ, ಅದೂ ಜೊತೆಯಾಗಿ. ನಿಮ್ಮ ಕೈಯಲ್ಲಿ ಒಂದಕ್ಕಷ್ಟೇ ಹಣವಿದ್ದರೆ ಇನ್-ಬಾಸ್ಕೆಟ್ ಆರಿಸಿ, ಕಡತ ನಿಮ್ಮದೇ ಇರಲಿ. ಮುಗಿದ ಮೇಲೆ ಅಭ್ಯರ್ಥಿಯ ಎದುರು ಕುಳಿತು ಪ್ರತಿ ನಿರ್ಧಾರಕ್ಕೂ ಕಾರಣ ಕೇಳುವ ಒಂದು ಗಂಟೆಯನ್ನು ಶುಲ್ಕದೊಳಗೇ ಸೇರಿಸಿಕೊಳ್ಳಿ.