ಸೀಮೆಎಣ್ಣೆಯಲ್ಲಿ ಓಡುವಾಗಲೇ ಎಂಜಿನ್ ಆಫ್ ಮಾಡಬೇಡಿ

ದೋಣಿಗೆ ಹೊಸದಾಗಿ ಸೀಮೆಎಣ್ಣೆ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್) ಹಾಕಿಸಿಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ತಿಂಗಳು ಗಂಗೊಳ್ಳಿ ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವ ಕಡೆ, ನಾನು ಮತ್ತು ನನ್ನ ಭಾವ ಕೂದಲೆಳೆಯಲ್ಲಿ ಬದುಕಿ ಬಂದೆವು.

ನಮ್ಮದು 9.9 ಎಚ್‌ಪಿಯ ಟೂ ಸ್ಟ್ರೋಕ್ ಎಂಜಿನ್, ಸೆಕೆಂಡ್ ಹ್ಯಾಂಡ್. 10 ಎಚ್‌ಪಿ ಒಳಗಿದ್ದರೆ ಜೂನ್, ಜುಲೈನ ಮೀನುಗಾರಿಕೆ ನಿಷೇಧದಲ್ಲೂ ನಾಡದೋಣಿ ಇಳಿಸಬಹುದು ಅಂತ ಇದನ್ನೇ ತಗೊಂಡೆವು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಇಂಧನ ಬದಲಿಸುವ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಹಾಕಿ ಅಂತ ಮಾರಿದವರು ಹೇಳಿಕೊಟ್ಟರು. ನಿಲ್ಲಿಸುವುದು ಹೇಗೆ ಅಂತ ಅವರು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಮೊದಲಿಂದಲೂ ಒಂದು ಕಾಟ ಇತ್ತು. ಬೆಳಿಗ್ಗೆ ದಡದಲ್ಲಿ ಎರಡನೇ ಎಳೆತಕ್ಕೇ ಸ್ಟಾರ್ಟ್. ಕಡಲಲ್ಲಿ ಬಲೆ ಎಳೆಯಲು ಅರ್ಧ ಗಂಟೆ ನಿಲ್ಲಿಸಿದರೆ ಮಾತ್ರ ಸ್ಟಾರ್ಟ್ ಹಗ್ಗ ಎಳೆದೂ ಎಳೆದೂ ಭುಜ ಬಿದ್ದುಹೋಗುತ್ತಿತ್ತು. ಮೆಕ್ಯಾನಿಕ್ ಒಬ್ಬರು ಬಿಸಿಗೆ, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಕೈಕೊಡುತ್ತಿದೆ ಅಂದರು. ಕಾಯಿಲ್ ಬದಲಾಯಿತು, ಪ್ಲಗ್ ಬದಲಾಯಿತು. ಕಾಟ ಹಾಗೇ ಉಳಿಯಿತು.

ಆ ದಿನ ವಾಪಸ್ ಬರುವಾಗ ಅಳಿವೆ ಬಾಯಿಯಲ್ಲಿ ಯಾರದೋ ಹರಿದ ಬಲೆ ಬಂದು ಎಂಜಿನ್ನಿನ ಫ್ಯಾನಿಗೆ ಸುತ್ತಿಕೊಂಡಿತು. ತಕ್ಷಣ ಆಫ್ ಮಾಡಿದೆ. ಎಂಜಿನ್ ಎತ್ತಿ ಬಲೆ ಕೊಯ್ದು ತೆಗೆಯುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಇಳಿತದ ಹೊತ್ತು. ಹೊಳೆ ನೀರು ರಭಸದಿಂದ ಹೊರಗೆ ಹರಿಯುತ್ತಿತ್ತು, ಎದುರಿನಿಂದ ಕಡಲ ಅಲೆ. ಅವೆರಡೂ ಸೇರುವ ಕಡೆ ಅಲೆ ಗೋಡೆ ಹಾಗೆ ಎದ್ದು ಒಡೆಯುತ್ತದೆ, ಕರಾವಳಿಯವರಿಗೆ ಗೊತ್ತಿರುವುದೇ ಅಲ್ವಾ. ನೀರು ನಮ್ಮನ್ನು ಅಲ್ಲಿಗೇ ಎಳೆಯುತ್ತಿತ್ತು.

ಕಾಕ್ ಪೆಟ್ರೋಲಿಗೆ ತಿರುಗಿಸಿ ಹಗ್ಗ ಎಳೆದೆ. ಇಲ್ಲ. ಗಾಬರಿಯಲ್ಲಿ ಚೋಕ್ ಎಳೆದು ಮತ್ತೆ ಎಳೆದೆ. ಅದು ಇನ್ನೂ ದೊಡ್ಡ ತಪ್ಪು, ಪ್ಲಗ್ ಪೂರ್ತಿ ತೋಯ್ದುಹೋಯಿತು. ದೋಣಿ ಅಡ್ಡ ತಿರುಗಿತು. ಮೊದಲ ಅಲೆ ಒಳಗೆ ಬಿತ್ತು. ಲಂಗರು ಬಲೆಯ ರಾಶಿ ಕೆಳಗೆ ಸಿಕ್ಕಿಕೊಂಡಿತ್ತು. ಭಾವ ಹೇಗೋ ಅದನ್ನು ಎಳೆದು ಎಸೆದರು, ಪುಣ್ಯಕ್ಕೆ ಹಿಡಿಯಿತು. ದೋಣಿ ಕೊಚ್ಚಿಹೋಗುವುದು ನಿಂತಿತು. ಹಿಂದೆ ಬರುತ್ತಿದ್ದ ದೋಣಿಯವರು ಹಗ್ಗ ಎಸೆದು ನಮ್ಮನ್ನು ಒಳಗೆ ಎಳೆದುಕೊಂಡು ಹೋದರು. ಅವರ ಋಣ ಹೇಗೆ ತೀರಿಸುವುದೋ ಗೊತ್ತಿಲ್ಲ.

ದಡದಲ್ಲಿ ವಯಸ್ಸಾದ ಮೀನುಗಾರರೊಬ್ಬರು ಕಾರ್ಬೊರೇಟರ್ ಬೌಲಿನ (ಎಂಜಿನ್ನಿಗೆ ಹೋಗುವ ಮೊದಲು ಇಂಧನ ನಿಲ್ಲುವ ಬಟ್ಟಲು) ಕೆಳಗಿನ ಸಣ್ಣ ಸ್ಕ್ರೂ ಸಡಿಲಿಸಿದರು. ಒಂದು ಹನಿ ತಮ್ಮ ಉಗುರಿನ ಮೇಲೆ ಬೀಳಿಸಿ ನನ್ನ ಮುಂದೆ ಹಿಡಿದರು. "ನೋಡ್ತಾ ಇರು" ಅಂದರು. ಹನಿ ಹಾಗೇ ಜಿಡ್ಡಾಗಿ ಕೂತಿತ್ತು. ಪಕ್ಕದ ಉಗುರಿಗೆ ಕ್ಯಾನಿನಿಂದ ಪೆಟ್ರೋಲ್ ಹನಿ ಹಾಕಿದರು. ನೋಡುನೋಡುತ್ತಲೇ ಆರಿಹೋಯಿತು. "ಕಾಕ್ ತಿರುಗಿಸಿದ್ರೆ ಏನಾಯ್ತು, ಬೌಲಿನಲ್ಲಿ ಇರೋದು ಸೀಮೆಎಣ್ಣೆ."

ಅಷ್ಟೇ ವಿಷಯ. ಪೆಟ್ರೋಲ್ ತಣ್ಣಗಿದ್ದರೂ ಆವಿಯಾಗುತ್ತದೆ. ಸೀಮೆಎಣ್ಣೆಗೆ ಎಂಜಿನ್ ಬಿಸಿ ಬೇಕು. ಸೀಮೆಎಣ್ಣೆಯಲ್ಲೇ ನಿಲ್ಲಿಸಿ ಎಂಜಿನ್ ತಣ್ಣಗಾಗಲು ಬಿಟ್ಟರೆ ಹೊತ್ತಿಸುವುದು ಬಹಳ ಕಷ್ಟ. ದಡಕ್ಕೆ ಬರುವಾಗ ನಿಧಾನಕ್ಕೆ ಓಡಿಸಲು ನಾವು ಹೇಗೂ ಪೆಟ್ರೋಲಿಗೆ ಹಾಕುತ್ತಿದ್ದೆವು, ಅದಕ್ಕೇ ಬೆಳಿಗ್ಗೆ ತೊಂದರೆ ಕಾಣಲಿಲ್ಲ. ಸುಮ್ನೆ ಕಾಯಿಲ್ ಬದಲಾಯಿಸಿದೆವು.

ಹಾಗಾಗಿ ಬಲೆ ಎಳೆಯುವ ಜಾಗ ಬರುವ ಮೊದಲೇ ಪೆಟ್ರೋಲಿಗೆ ತಿರುಗಿಸಿ, ಕನಿಷ್ಠ ಮೂರು ನಿಮಿಷ ಓಡಿಸಿ, ಆಮೇಲೆ ನಿಲ್ಲಿಸಿ. ಅಳಿವೆ ದಾಟುವಾಗಲಂತೂ ಪೂರ್ತಿ ಪೆಟ್ರೋಲಿನಲ್ಲೇ ದಾಟಿ. ಪೆಟ್ರೋಲ್ ತುಟ್ಟಿ ಅಂತ ನನಗೂ ಗೊತ್ತು, ಆದರೂ ಅಲ್ಲಿ ಉಳಿಸಬೇಡಿ.

ನಮ್ಮ ಹಾಗೆ ದಿಢೀರ್ ನಿಲ್ಲಿಸಬೇಕಾಗಿ ಬಂದರೆ ಮೊದಲು ಲಂಗರು ಹಾಕಿ, ಸ್ಟಾರ್ಟ್ ಹಗ್ಗಕ್ಕೆ ಕೈ ಹಾಕುವುದು ಆಮೇಲೆ. ಬೌಲಿನ ಸ್ಕ್ರೂ ಬಿಚ್ಚಿ ಸೀಮೆಎಣ್ಣೆಯನ್ನು ಬಾಟಲಿಗೆ ಹಿಡಿದುಕೊಳ್ಳಿ. ಸ್ಕ್ರೂ ಬಿಗಿದು, ಕಾಕ್ ಪೆಟ್ರೋಲಿಗೆ ಹಾಕಿ ಬೌಲ್ ತುಂಬಲು ಬಿಡಿ. ಪ್ಲಗ್ ತೋಯ್ದಿದ್ದರೆ ಬಿಚ್ಚಿ ಒರೆಸಿ. ಪ್ಲಗ್ ಹೊರಗಿರುವಾಗಲೇ ನಾಲ್ಕೈದು ಸಲ ಹಗ್ಗ ಎಳೆದರೆ ಒಳಗಿನ ಎಣ್ಣೆ ಹೊರಬರುತ್ತದೆ. ಆಗ ಕಿಲ್ ಸ್ವಿಚ್ಚಿನ (ಎಂಜಿನ್ ತಕ್ಷಣ ನಿಲ್ಲಿಸುವ ಸ್ವಿಚ್) ಕ್ಲಿಪ್ ತೆಗೆದಿರಲೇಬೇಕು, ಇಲ್ಲವಾದರೆ ಒಂದು ಕಿಡಿಗೆ ಬೆಂಕಿ ಹತ್ತಬಹುದು. ಸ್ಟಾರ್ಟ್ ಮಾಡುವ ಮುಂಚೆ ಕ್ಲಿಪ್ ಮತ್ತೆ ಹಾಕಿ. ಬಿಸಿ ಎಂಜಿನ್ನಿಗೆ ಚೋಕ್ ಬೇಡ. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯಾ ಅಂತಲೂ ನೋಡಿ.

ನಮ್ಮ ಲಂಗರು ಈಗ ದೋಣಿಯ ಮುಂದಲೆಯಲ್ಲಿದೆ. ಅದರ ಮೇಲೆ ಒಂದು ಎಳೆ ಬಲೆಯನ್ನೂ ಇಡಲು ಭಾವ ಬಿಡುವುದಿಲ್ಲ. ಕೋಸ್ಟ್ ಗಾರ್ಡ್‌ನ 1554 ನಂಬರನ್ನು ಇಬ್ಬರ ಫೋನಿನಲ್ಲೂ ಹಾಕಿಕೊಂಡಿದ್ದೇವೆ. ನೀವೂ ಇವತ್ತೇ ಹಾಕಿಕೊಳ್ಳಿ.