ಪುಟ್ಟ ಮಕ್ಕಳ ಚಿತ್ರಕಲೆಗೆ ಆಯಿಲ್ ಪೇಸ್ಟಲ್: ಬಹುಕಾಲ ಬಳಸಿದ ಮೇಲಿನ ವಿಮರ್ಶೆ

1ರಿಂದ 3ನೇ ತರಗತಿಯ ಮಕ್ಕಳಿಗೆ 25 ಕಡ್ಡಿಗಳ ಸಾಧಾರಣ ಆಯಿಲ್ ಪೇಸ್ಟಲ್ (ಎಣ್ಣೆ, ಮೇಣ ಬೆರೆಸಿ ಮಾಡಿದ ಮೆತ್ತನೆಯ ಬಣ್ಣದ ಕಡ್ಡಿ) ಡಬ್ಬಿ ಮೇಣದ ಕ್ರೆಯಾನ್‌ಗಿಂತ ಚೆನ್ನಾಗಿ ಒಗ್ಗುತ್ತದೆ. ಆರೇಳು ವರ್ಷದ ಕೈಗೆ ಒತ್ತುವ ಬಲ ಕಡಿಮೆ. ಕ್ರೆಯಾನ್ ಎಷ್ಟು ಉಜ್ಜಿದರೂ ಮಂಕಾಗಿಯೇ ಉಳಿಯುತ್ತದೆ, ಪೇಸ್ಟಲ್ ಹಗುರವಾಗಿ ಎಳೆದರೂ ಬಣ್ಣ ಹತ್ತುತ್ತದೆ. ತೊಂದರೆ ಏನೆಂದರೆ, ಡಬ್ಬಿಯ ಕಡ್ಡಿಗಳೆಲ್ಲ ಒಂದೇ ಸಮ ಸವೆಯುವುದಿಲ್ಲ. ಕಪ್ಪು, ಬಿಳಿ ಮೊದಲು ಮುಗಿಯುತ್ತವೆ. ಬೂದು, ಕಂದು ಹಾಗೇ ಕೂತಿರುತ್ತವೆ. ಬಿಡಿ ಕಡ್ಡಿ ಮಾರುವ ಬ್ರ್ಯಾಂಡನ್ನೇ ಆರಿಸಿಕೊಳ್ಳಿ.

ಇದರ ನಿಜವಾದ ಸೊಗಸು ಕಾಣುವುದು ಮೇಲೆ ಜಲವರ್ಣ ಹಾಯಿಸಿದಾಗ. ಬಿಳಿ ಹಾಳೆಯ ಮೇಲೆ ಬಿಳಿ ಕಡ್ಡಿಯಿಂದ ಮೀನು ಬರೆಸಿ, ಮೇಲೆ ನೀಲಿ ನೀರು ಬಣ್ಣ ಎಳೆಸಿ: ಎಣ್ಣೆ ನೀರನ್ನು ದೂಡುತ್ತದೆ, ಗೆರೆಯ ಮೇಲೆ ಬಣ್ಣ ಸಣ್ಣ ಹನಿಗಳಾಗಿ ಜಾರಿ, ಅಡಗಿದ್ದ ಮೀನು ಮೇಲೇಳುತ್ತದೆ. ದ್ರವ ಜಲವರ್ಣವಾದರೆ 1 ಪಾಲು ಬಣ್ಣಕ್ಕೆ 3 ಪಾಲು ನೀರು ಸಾಕು. ಗೆರೆ ಮುಚ್ಚಿಹೋಯಿತೆಂದರೆ ಕಾರಣ ಬಹುತೇಕ ಈ ಮೂರರಲ್ಲೊಂದು: ಜಲವರ್ಣದ ಬದಲು ಗಟ್ಟಿ ಪೋಸ್ಟರ್ ಬಣ್ಣ ಬಳಸಿದ್ದು, ಒಂದೇ ಜಾಗದಲ್ಲಿ ಬ್ರಷ್ ತಿಕ್ಕಿದ್ದು, ಗೆರೆ ತೀರಾ ತೆಳುವಾಗಿದ್ದದ್ದು. ಬ್ರಷ್ ಅಗಲವಿರಲಿ, ಒಂದು ಕಡೆಯಿಂದ ಒಂದೇ ಸಲ ಎಳೆಯಲಿ. ಹಾಳೆ 150 ಜಿಎಸ್‌ಎಂ (ಚದರ ಮೀಟರ್‌ಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಅಥವಾ ಹೆಚ್ಚು ಇರಬೇಕು. 80 ಜಿಎಸ್‌ಎಂನ ಪ್ರಿಂಟರ್ ಹಾಳೆ ನೀರು ಬಿದ್ದೊಡನೆ ಸುಕ್ಕುಗಟ್ಟಿ, ಬಣ್ಣ ತಗ್ಗಿನಲ್ಲಿ ನಿಲ್ಲುತ್ತದೆ.

ಕೆರೆದು ಬಿಡಿಸುವ ಚಿತ್ರ ಮಕ್ಕಳ ಅಚ್ಚುಮೆಚ್ಚು, ಕಪ್ಪು ಕಡ್ಡಿಯ ಪಾಲಿಗೆ ಮಾತ್ರ ಯಮ. ಕೆಳಗೆ ಹಳದಿ, ಗುಲಾಬಿ, ಹಸಿರು ದಪ್ಪಗೆ ತುಂಬಿಸಿ, ಮೇಲೆ ಕಪ್ಪು ಮುಚ್ಚಿಸಿ, ಮೊಂಡಾದ ಮರದ ಕಡ್ಡಿಯಿಂದ ಕೆರೆಸಬೇಕು. ಎ4 ಹಾಳೆ ಕೊಟ್ಟರೆ ಅರ್ಧಕ್ಕೇ ಕೈ ಸೋತು ಮಗು ಬಿಟ್ಟುಬಿಡುತ್ತದೆ. ಪೋಸ್ಟ್‌ಕಾರ್ಡ್ ಅಳತೆ ಸರಿ. ಕಪ್ಪು ಕಡ್ಡಿ ಉಳಿಸಬೇಕೆಂದರೆ ಅದರ ಬದಲು ಕಪ್ಪು ಪೋಸ್ಟರ್ ಬಣ್ಣಕ್ಕೆ ಪಾತ್ರೆ ತೊಳೆಯುವ ದ್ರವ ಸೋಪಿನ ಒಂದೆರಡು ಹನಿ ಸೇರಿಸಿ ಬಳಿಯಿರಿ. ಸೋಪಿಲ್ಲದೆ ಬಣ್ಣ ಎಣ್ಣೆಯ ಮೇಲೆ ನಿಲ್ಲದೆ ಗುಳ್ಳೆಗುಳ್ಳೆಯಾಗಿ ಸರಿಯುತ್ತದೆ. ದಪ್ಪಗೆ ಬಳಿದರೂ ಕಷ್ಟವೇ: ಒಣಗಿದ ಮೇಲೆ ಕೆರೆದಾಗ ಗೆರೆ ಬರದೆ ಚಕ್ಕೆ ಏಳುತ್ತದೆ.

ಬಣ್ಣ ಬೆರೆಸುವಾಗ ತಿಳಿಬಣ್ಣ ಮೊದಲು, ಗಾಢಬಣ್ಣ ನಂತರ. ತಿರುವುಮುರುವಾದರೆ ಹಳದಿ ಕಡ್ಡಿಯ ತುದಿಗೆ ನೀಲಿ ಅಂಟಿ, ಮುಂದಿನ ಸೂರ್ಯ ಹಸಿರಾಗುತ್ತಾನೆ (ಮಕ್ಕಳಿಗೇನೂ ಬೇಸರವಿಲ್ಲ, ಅದು ಬೇರೆ ಮಾತು). ಒರಟು ಕಾಗದದ ಮೇಲೆ ತುದಿ ಉಜ್ಜಿದರೆ ಶುಚಿಯಾಗುತ್ತದೆ. ಕಡ್ಡಿ ಮುರಿಯುವುದನ್ನು ದೋಷವೆಂದು ಎಣಿಸಬೇಡಿ. ಕಾಗದದ ಸುತ್ತು ಬಿಚ್ಚಿದ ತುಂಡನ್ನು ಅಡ್ಡಲಾಗಿ ಎಳೆದರೆ ಆಕಾಶ ಬೇಗ ತುಂಬುತ್ತದೆ.

ದೊಡ್ಡ ಕೊರತೆ ಬೇರೆ ಇದೆ: ಇದು ಪೂರ್ತಿ ಒಣಗುವುದೇ ಇಲ್ಲ. ಇದರಲ್ಲಿರುವ ಖನಿಜ ತೈಲ ಗಾಳಿಗೆ ಗಟ್ಟಿಯಾಗುವ ಜಾತಿಯದಲ್ಲ. ಚಿತ್ರಗಳನ್ನು ಒಂದರ ಮೇಲೊಂದು ಇಟ್ಟರೆ ಬಣ್ಣ ಮೇಲಿನ ಹಾಳೆಯ ಬೆನ್ನಿಗೆ ಹತ್ತುತ್ತದೆ, ನಡುವೆ ಬಟರ್ ಪೇಪರ್ ಇಡಿ. ಬಣ್ಣ ನಿಲ್ಲಿಸುವ ಸ್ಪ್ರೇ ಮಕ್ಕಳಿರುವ ಕೋಣೆಯಲ್ಲಿ ಬೇಡವೇ ಬೇಡ. ಪೇಸ್ಟಲ್ ಹಚ್ಚಿದ ಜಾಗದಲ್ಲಿ ಅಂಟೂ ನಿಲ್ಲುವುದಿಲ್ಲ. ಕಾಗದ ಕತ್ತರಿಸಿ ಅಂಟಿಸುವುದಿದ್ದರೆ ಅದನ್ನು ಮೊದಲೇ ಮುಗಿಸಿ. ಕೈ ತೊಳೆಯುವ ಮುನ್ನ ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು. ಬರೀ ನೀರಿಗೆ ಈ ಜಿಡ್ಡು ಜಗ್ಗುವುದಿಲ್ಲ.