1911ರ ಕ್ರಿಕೆಟ್ ತಂಡದ ಪೋಸ್ಟ್‌ಕಾರ್ಡ್ ಕೊಳ್ಳುವವರು ದಯವಿಟ್ಟು ಓದಿ

1911ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದ ಅಸಲಿ ಫೋಟೊ ಪೋಸ್ಟ್‌ಕಾರ್ಡ್ ಎಂದು ನಂಬಿ ಹದಿನೆಂಟು ಸಾವಿರ ಕೊಟ್ಟೆ. ಅದು ನಕಲಿ. ಕಳೆದ ವಾರ ಅದೇ ಕಾರ್ಡು ಆನ್‌ಲೈನಿನಲ್ಲಿ ಮತ್ತೆ ಮಾರಾಟಕ್ಕೆ ಬಂದಿದೆ, ಅದಕ್ಕೇ ಈ ಬರಹ.

ನನ್ನನ್ನು ಸೆಳೆದದ್ದು ಪಾಲ್ವಣಕರ್ ಬಾಲೂ. ಧಾರವಾಡದಲ್ಲಿ ಹುಟ್ಟಿದವರು. ಪುಣೆಯಲ್ಲಿ ಆಡುವಾಗ ಜಾತಿಯ ಕಾರಣಕ್ಕೆ ಪೆವಿಲಿಯನ್ನಿನ ಹೊರಗೆ ನಿಂತು ಮಣ್ಣಿನ ಲೋಟದಲ್ಲಿ ಚಹಾ ಕುಡಿಯಬೇಕಾಗಿದ್ದವರು, ಪಟಿಯಾಲಾ ಮಹಾರಾಜರ ನಾಯಕತ್ವದ ಆ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಅವರಿರುವ ಒಂದು ಚಿತ್ರ ಮನೆಯಲ್ಲಿರಬೇಕು ಅನ್ನಿಸಿತ್ತು.

ಮಾರುವವರು ಕಳಿಸಿದ ಚಿತ್ರದಲ್ಲಿ ಹಿಂಬದಿ ನೋಡಿದೆ. ವಿಳಾಸಕ್ಕೂ ಒಕ್ಕಣೆಗೂ ನಡುವೆ ಗೆರೆಯಿರುವ ಕಾರ್ಡು ಬ್ರಿಟನ್ನಿನಲ್ಲಿ ಶುರುವಾದದ್ದು 1902ರಲ್ಲಿ. ಗೆರೆ ಇದೆ, ಕಾಲ ಹೊಂದುತ್ತದೆ ಎಂದು ಅಲ್ಲಿಗೇ ನಿಂತೆ. ತಪ್ಪಾದದ್ದು ಅಲ್ಲಿ.

ಕಾರ್ಡು ಕೈಗೆ ಬಂದ ಮೇಲೆ ಮೂಲೆಯ ಮಡಿಕೆಯ ಮೇಲೆ ಬೆರಳಾಡಿಸಿದೆ. ಬೆರಳಿಗೆ ಏನೂ ತಡೆಯಲಿಲ್ಲ. ಕಣ್ಣಿಗೆ ಮಡಿಕೆ, ಕೈಗೆ ನುಣುಪು! ಉಗುರಿನಿಂದ ಅಂಚೆಚೀಟಿಯ ಅಂಚು ಹುಡುಕಿದೆ, ಅದೂ ಇಲ್ಲ. ಯಾರೋ ನಿಜವಾದ ಕಾರ್ಡೊಂದನ್ನು ಸ್ಕ್ಯಾನ್ ಮಾಡಿ, ಮಡಿಕೆ, ಕಲೆ, ಅಂಚೆಮುದ್ರೆ ಸಮೇತ ಅಚ್ಚು ಹಾಕಿದ್ದರು.

ಭೂತಗನ್ನಡಿಯಲ್ಲಿ ಬಾಲೂ ಅವರ ಮುಖ ಬಣ್ಣದ ಚುಕ್ಕಿಗಳಾಗಿ ಒಡೆಯಿತು. ಅಸಲಿ ಫೋಟೊದಲ್ಲಿ ಕಪ್ಪಿನಿಂದ ಬಿಳಿಗೆ ಛಾಯೆ ಕಡಿಯದೆ ಹರಿಯುತ್ತದೆ. (ಆ ಕಾಲದಲ್ಲೂ ಅಚ್ಚಿನ ಕಾರ್ಡುಗಳಿದ್ದವು, ಚುಕ್ಕಿ ಕಂಡ ಮಾತ್ರಕ್ಕೆ ನಕಲಿ ಅಲ್ಲ. ಆದರೆ ಅದನ್ನು ಫೋಟೊ ಎಂದು ಮಾರುವುದು ಮೋಸ.) ನೋಟು ಪರೀಕ್ಷಿಸಲು ಅಂಗಡಿಗಳಲ್ಲಿ ಇಟ್ಟಿರುವಂಥ ಯುವಿ ದೀಪ ಹಿಡಿದಾಗ ಕಾಗದ ನೀಲಿಯಾಗಿ ಬೆಳಗಿತು. ಕಾಗದಕ್ಕೆ ಬಿಳುಪು ಕೊಡುವ ಆ ರಾಸಾಯನಿಕ ಬಳಕೆಗೆ ಬಂದದ್ದು ಎಷ್ಟೋ ದಶಕಗಳ ನಂತರ. ಹಾಗೆಂದು ಬೆಳಗದಿದ್ದರೆ ಅಸಲಿ ಎಂದುಕೊಳ್ಳಬೇಡಿ, ಹಳೆಯ ಕಾಗದದ ಮೇಲೂ ಅಚ್ಚು ಹಾಕಬಹುದು.

ಹಣ ವಾಪಸು ಕೇಳಿದೆ. ಎರಡು ದಿನ ಸಬೂಬು, ಮೂರನೆಯ ದಿನ ನನ್ನ ನಂಬರ್ ಬ್ಲಾಕ್.

ಕೊಳ್ಳುವ ಮೊದಲು ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ವಿಡಿಯೊ ಕಳಿಸಲು ಹೇಳಿ. ನಿಜವಾದ ಮಡಿಕೆ ನೆರಳು ಬೀಳಿಸುತ್ತದೆ. ಹಳೆಯ ಫೋಟೊಗಳಲ್ಲಿ ಎಷ್ಟೋ ಸಲ ಅಂಚಿನ ಕಪ್ಪು ಭಾಗದಲ್ಲಿ ಬೆಳ್ಳಿ ಮೇಲೆದ್ದು ಕನ್ನಡಿಯಂತೆ ಮಿನುಗುತ್ತದೆ, ಅದೂ ಓರೆ ಬೆಳಕಿನಲ್ಲೇ ಕಾಣುವುದು. ವಿಡಿಯೊ ಕೊಡಲು ಒಪ್ಪದವರಿಗೆ ಹಣ ಕಳಿಸಬೇಡಿ.

ಹೊಸ ಜಾಹೀರಾತಿನಲ್ಲಿ ಬೆಲೆ ಇಪ್ಪತ್ತೆರಡು ಸಾವಿರ. ಮಡಿಕೆ ಅದೇ ಮೂಲೆಯಲ್ಲಿದೆ, ಕಂದು ಕಲೆ ಬಾಲೂ ಅವರ ಅದೇ ಭುಜದ ಪಕ್ಕದಲ್ಲಿದೆ. ನನ್ನ ಕಾರ್ಡು ಇಲ್ಲೇ, ನನ್ನ ಮೇಜಿನ ಮೇಲಿದೆ.